ಅಳಿಸದೆ ಬಿಟ್ಟ ಒಂದು ಸಾಲು

ನಾನು ನಿವೃತ್ತಳಾದ ವರ್ಷ ನಮ್ಮ ಕಚೇರಿಯ ವೆಬ್‌ಸೈಟನ್ನು ಜಾವಾಸ್ಕ್ರಿಪ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಹೊಸದೊಂದು ಚೌಕಟ್ಟಿಗೆ ಬದಲಾಯಿಸುತ್ತಿದ್ದರು. ಎಲ್ಲ ಮುಗಿದು, ಸರ್ವರಿನಲ್ಲಿ ಎಚ್‌ಟಿಟಿಪಿ ಎಂಬ ಪ್ರೋಟೋಕಾಲಿನ, ಅಂದರೆ ಬ್ರೌಸರೂ ಸರ್ವರೂ ಮಾತಾಡಿಕೊಳ್ಳುವ ನಿಯಮಾವಳಿಯ, ಎರಡನೆಯ ಆವೃತ್ತಿಯನ್ನು ಚಾಲೂ ಮಾಡುವುದೊಂದು ಉಳಿದಿತ್ತು. "ಸೆಟ್ಟಿಂಗ್ಸ್‌ನಲ್ಲಿ ಒಂದೇ ಸಾಲು ಮೇಡಂ, ಐದು ನಿಮಿಷದ ಕೆಲಸ," ಎಂದರು ತಂಡದವರು. ನಾನು ಮೂರು ವಾರ ಪರೀಕ್ಷೆ ಮಾಡಿಸಿದೆ. ಒಂದೇ ಕಂಪ್ಯೂಟರಿನಿಂದ ಬೇರೆ ಬೇರೆ ಅಭ್ಯರ್ಥಿಗಳ ಹೆಸರಿನಲ್ಲಿ ಒಂದರ ಹಿಂದೊಂದು ಪ್ರಶ್ನೆ ಕಳಿಸಿ, ಬಂದ ಉತ್ತರಗಳನ್ನು ಕಾಗದದ ಪಟ್ಟಿ ಇಟ್ಟುಕೊಂಡು ತಾಳೆ ನೋಡಿಸಿದೆ. "ಮೇಡಂಗೆ ಹಳೇ ಕಾಲದ ಭಯ" ಎಂದು ಯಾರೋ ಅಂದದ್ದು ನನ್ನ ಕಿವಿಗೂ ಬಿತ್ತು. ಅವರು ಹೇಳಿದ್ದು ನಿಜವೇ. ಭಯ ಎಲ್ಲಿಂದ ಬಂತೆಂದು ಆಗ ಹೇಳಲಿಲ್ಲ. ಈ ಕೆಲಸಕ್ಕೆ ಹೊಸದಾಗಿ ಬರುವವರು ತಿಳಿದುಕೊಂಡರೆ ಒಳ್ಳೆಯದೆಂದು ಈಗ ಬರೆಯುತ್ತಿದ್ದೇನೆ.

ನಮ್ಮದು ದೆಹಲಿಯ ಆರ್.ಕೆ.ಪುರಂನಲ್ಲಿದ್ದ ಒಂದು ಸರ್ಕಾರಿ ನೇಮಕಾತಿ ಕಚೇರಿ. ಕ್ಲರ್ಕ್ ಹುದ್ದೆಗಳಿಗೆ ಲಿಖಿತ ಪರೀಕ್ಷೆ, ಅದರಲ್ಲಿ ಗೆದ್ದವರಿಗೆ ಟೈಪಿಂಗ್ ಪರೀಕ್ಷೆ. ನಾನು ಅಲ್ಲಿನ ಕಂಪ್ಯೂಟರ್ ವಿಭಾಗದ ಅಧಿಕಾರಿ. ಮನೆ ಅಲ್ಲೇ ಸರ್ಕಾರಿ ಕ್ವಾರ್ಟರ್ಸ್‌ನಲ್ಲಿ, ನಡೆದರೆ ಹತ್ತು ನಿಮಿಷ. ಮೊದಲೆಲ್ಲ ಫಲಿತಾಂಶದ ದಿನ ಗೇಟಿನ ಹೊರಗಿನ ನೋಟಿಸ್ ಬೋರ್ಡಿಗೆ ಪಟ್ಟಿ ಅಂಟಿಸುತ್ತಿದ್ದೆವು. ಬೆಳಗಿನ ಏಳು ಗಂಟೆಗೇ ನೂರಾರು ಹುಡುಗ ಹುಡುಗಿಯರು ಬಂದು ನಿಲ್ಲುತ್ತಿದ್ದರು. ಒಂದು ವರ್ಷ ನೂಕುನುಗ್ಗಲಿನಲ್ಲಿ ಬೋರ್ಡಿನ ಗಾಜು ಒಡೆದು ಒಬ್ಬನ ಮುಂಗೈ ಸೀಳಿತು. ಆಮೇಲೆ ನಮ್ಮ ನಿರ್ದೇಶಕರು, ಮಾಥುರ್ ಸಾಹೇಬರು, ಫಲಿತಾಂಶವನ್ನು ಇಂಟರ್‌ನೆಟ್ಟಿನಲ್ಲೂ ಹಾಕೋಣ ಎಂದು ತೀರ್ಮಾನಿಸಿದರು. ಎರಡು ಸಾವಿರದ ನಂತರದ ಮೊದಲ ಕೆಲವು ವರ್ಷಗಳ ಮಾತು ಇದು.

ಮಾಥುರ್ ಸಾಹೇಬರು ಕೆಟ್ಟವರಲ್ಲ. ಫೈಲಿನಲ್ಲಿ ಇಲ್ಲದ ಸಂಗತಿ ಲೋಕದಲ್ಲೇ ಇಲ್ಲ ಎಂದು ನಂಬಿದ್ದವರು, ಅಷ್ಟೆ. ಯಾವ ಟಿಪ್ಪಣಿಯನ್ನಾದರೂ ಎರಡು ಸಲ ಓದಿ, ಪೆನ್ನಿನ ಹಿಂಬದಿಯಿಂದ ಮೇಜನ್ನು ತಟ್ಟಿ, ಆಮೇಲೆ ಸಹಿ ಹಾಕುತ್ತಿದ್ದರು.

ವೆಬ್‌ಸೈಟಿನ ಕೆಲಸವನ್ನು ನೋಯ್ಡಾದ ಒಂದು ಸಣ್ಣ ಕಂಪನಿಗೆ ಕೊಟ್ಟರು. ಅಲ್ಲಿಂದ ಬಂದವರು ಇಮ್ತಿಯಾಜ್, ದಾವಣಗೆರೆಯವರು, ನನಗಿಂತ ಹದಿನೈದು ವರ್ಷ ಚಿಕ್ಕವರು. ನನ್ನ ಮೇಜಿನ ಮೇಲೆ ಊರಿನಿಂದ ಬಂದ ಕನ್ನಡ ಪತ್ರ ನೋಡಿ, ಮೊದಲ ದಿನವೇ "ಮೇಡಂ, ನೀವು ನಮ್ಮ ಕಡೆಯವರಾ?" ಎಂದು ಕೇಳಿದ್ದರು. ಆಮೇಲೆ ಇಬ್ಬರೇ ಇದ್ದಾಗ ನಮ್ಮ ಮಾತೆಲ್ಲ ಕನ್ನಡದಲ್ಲೇ. ಆಗ ಜಾವಾಸ್ಕ್ರಿಪ್ಟ್ ಎಂದರೆ ಬ್ರೌಸರಿನೊಳಗಿನ ಆಟದ ಸಾಮಾನು ಎಂದು ಎಲ್ಲರೂ ತಿಳಿದಿದ್ದರು. ಅದನ್ನು ಸರ್ವರಿನಲ್ಲೂ ನಡೆಸಬಹುದೆಂದು ಇಮ್ತಿಯಾಜ್ ತೋರಿಸಿಕೊಟ್ಟರು. ಅವರು ಕಟ್ಟಿದ ಚೌಕಟ್ಟಿನೊಳಗೆ ಫಲಿತಾಂಶದ ಪುಟವನ್ನು ನಾನೇ ಬರೆದೆ. ರೋಲ್ ನಂಬರ್ ಕೊಟ್ಟರೆ ಹೆಸರು, ಅಂಕ, ಕೊನೆಯ ಸಾಲಿನಲ್ಲಿ ಆಯ್ಕೆಯಾಗಿದೆಯೋ ಇಲ್ಲವೋ. ನಲವತ್ತು ದಾಟಿದವಳು ಹೊಸ ವಿದ್ಯೆ ಕಲಿತೆನೆಂಬ ಹೆಮ್ಮೆಯಿತ್ತು ನನಗೆ.

ಫಲಿತಾಂಶಕ್ಕೆ ಒಂದು ವಾರ ಇರುವಾಗ ಸರ್ವರ್ ತಡೆದುಕೊಳ್ಳುವುದೇ ಎಂಬ ಚಿಂತೆ ಶುರುವಾಯಿತು. ನಾವು ಬಳಸುತ್ತಿದ್ದದ್ದು ಎಚ್‌ಟಿಟಿಪಿಯ ಹಳೆಯ ರೀತಿ. ಫೋನ್ ಮಾಡಿ ಒಂದು ಪ್ರಶ್ನೆ ಕೇಳಿ, ಉತ್ತರ ಬಂದ ಕೂಡಲೇ ಫೋನ್ ಇಟ್ಟು, ಮುಂದಿನ ಪ್ರಶ್ನೆಗೆ ಮತ್ತೆ ನಂಬರ್ ತಿರುಗಿಸಿದಂತೆ. ಆಗಿನ ಹೊಸ ಆವೃತ್ತಿಯಲ್ಲಿ ಫೋನ್ ಇಡಬೇಕಿಲ್ಲ. ಒಮ್ಮೆ ಸಂಪರ್ಕ ಸಿಕ್ಕರೆ ಸ್ವಲ್ಪ ಹೊತ್ತು ಅದು ತೆರೆದೇ ಇರುತ್ತದೆ, ಅದರ ಮೇಲೇ ಎಷ್ಟು ಪ್ರಶ್ನೆ ಬೇಕಾದರೂ ಕೇಳಬಹುದು.

"ಎರಡು ನಿಮಿಷ ತೆರೆದಿಟ್ಟರೆ ಸಾಕು ಮೇಡಂ, ಹೊರೆ ಅರ್ಧಕ್ಕರ್ಧ ಇಳಿಯುತ್ತೆ," ಎಂದರು ಇಮ್ತಿಯಾಜ್. "ಆದರೆ ನಿಮ್ಮ ಪುಟ ಒಂದು ಸಲ ಪರೀಕ್ಷೆ ಮಾಡಿಬಿಡಿ. ಒಂದು ಸಂಪರ್ಕಕ್ಕೆ ಒಂದೇ ಪ್ರಶ್ನೆ ಅಂದುಕೊಂಡು ಎಲ್ಲಾದರೂ ಬರೆದಿದ್ದರೆ ತೊಂದರೆ."

"ಮಾಡ್ತೀನಿ," ಎಂದೆ. ಮಾಡಿದೆ ಕೂಡ. ಹತ್ತು ರೋಲ್ ನಂಬರ್ ಹಾಕಿ ನೋಡಿದೆ. ಪ್ರತಿ ಸಲವೂ ಬ್ರೌಸರ್ ಮುಚ್ಚಿ ಹೊಸದಾಗಿ ತೆರೆದೆ, ಅದು ನನ್ನ ಅಚ್ಚುಕಟ್ಟಿನ ಅಭ್ಯಾಸ. ಹತ್ತೂ ಸರಿಯಾಗಿದ್ದವು.

ಫಲಿತಾಂಶ ಬಂದ ದಿನ ಸರ್ವರ್ ಒಮ್ಮೆಯೂ ನಿಲ್ಲಲಿಲ್ಲ. ಗೇಟಿನ ಬಳಿ ಗುಂಪೇ ಇರಲಿಲ್ಲ. ಮಾಥುರ್ ಸಾಹೇಬರು ಕೋಣೆಗೆ ಕರೆದು ಚಹಾ ಕುಡಿಸಿದರು. ಟೈಪಿಂಗ್ ಪರೀಕ್ಷೆಗೆ ಒಂಬತ್ತು ದಿನ ಉಳಿದಿತ್ತು.

ಎರಡು ದಿನದ ಮೇಲೆ ಬೆಳಿಗ್ಗೆ ಗೇಟಿನ ಕಾವಲುಗಾರ ಹುಡುಗಿಯೊಬ್ಬಳನ್ನು ನನ್ನ ಕೋಣೆಗೆ ಕರೆತಂದ. ಹೆಸರು ಸುನೀತಾ. ಮುಖರ್ಜಿ ನಗರದಲ್ಲಿ ಕೋಣೆ ಮಾಡಿಕೊಂಡು ಪರೀಕ್ಷೆಗೆ ಓದುತ್ತಿದ್ದವಳು. ಕೈಯಲ್ಲಿ ಸೈಬರ್ ಕೆಫೆಯಿಂದ ಮುದ್ರಿಸಿ ತಂದ ಹಾಳೆ.

"ಮ್ಯಾಡಂ, ಹೊರಗಿನ ಬೋರ್ಡಿನ ಪಟ್ಟಿಯಲ್ಲಿ ನನ್ನ ನಂಬರ್ ಇದೆ. ಇದರಲ್ಲಿ ಆಯ್ಕೆಯಾಗಿಲ್ಲ ಅಂತಿದೆ. ಯಾವುದನ್ನು ನಂಬಲಿ?"

ಹಾಳೆ ತೆಗೆದುಕೊಂಡು ನೋಡಿದೆ. ಹೆಸರು ಅವಳದೇ, ಅಂಕಗಳೂ ಸರಿ. ಕೊನೆಯ ಸಾಲು ಮಾತ್ರ ತಪ್ಪು. ನನ್ನ ಕಂಪ್ಯೂಟರಿನಲ್ಲಿ ಅವಳ ನಂಬರ್ ಹಾಕಿದರೆ "ಆಯ್ಕೆಯಾಗಿದೆ" ಎಂದು ಬಂತು. ಅವಳು ಪರದೆಯನ್ನು ನೋಡಿ ನಕ್ಕಳು, ಮರುಕ್ಷಣ ನಗು ನಿಂತಿತು.

"ಹಾಗಾದರೆ ಮಂಜುದೂ ತಪ್ಪಿರಬಹುದಾ? ನಾವಿಬ್ಬರೂ ಒಟ್ಟಿಗೇ ನೋಡಿದ್ದು. ಅವಳು ಅವತ್ತು ಸಂಜೆಯೇ ಊರಿಗೆ ರೈಲು ಹತ್ತಿದಳು."

ಮಂಜು ಅವಳ ಕೋಣೆಯ ಗೆಳತಿ, ಉತ್ತರ ಪ್ರದೇಶದ ಬಲಿಯಾ ಕಡೆಯ ಹಳ್ಳಿಯವಳು. ಅವಳ ತಂದೆ ಇದೇ ಕೊನೆಯ ಸಲ ಎಂದು ಹೇಳಿ ಕಳಿಸಿದ್ದರಂತೆ. ನಾನು ಮಂಜುವಿನ ನಂಬರ್ ಹಾಕಿದೆ. ಅವಳೂ ಆಯ್ಕೆಯಾಗಿದ್ದಳು.

ಇಮ್ತಿಯಾಜ್‌ಗೆ ಫೋನ್ ಮಾಡಿದೆ. ಅವರು ನೋಯ್ಡಾದಿಂದ ಬರುವಷ್ಟರಲ್ಲಿ ಮಧ್ಯಾಹ್ನವಾಯಿತು. ಬಂದವರೇ ಹೊಸ ಆವೃತ್ತಿಯನ್ನು ಆಫ್ ಮಾಡಿದರು. "ನನ್ನ ಚೌಕಟ್ಟಿನಲ್ಲೇ ಏನೋ ಇದೆ ಮೇಡಂ, ತಪ್ಪು ನಂದೇ," ಎಂದು ಒಂದೇ ಸಮನೆ ಹೇಳುತ್ತಿದ್ದರು. ಸರ್ವರಿನಲ್ಲಿ ಹುಡುಕಿ ಏನೂ ಸಿಗದೆ, ಕೆಫೆಯಲ್ಲಿ ಹೇಗೆ ನೋಡಿದರೆಂದು ತಿಳಿಯಲು ಸುನೀತಾಳನ್ನೇ ಕರೆದುಕೊಂಡು ಮುಖರ್ಜಿ ನಗರಕ್ಕೆ ಹೋದೆವು.

ಕೋಚಿಂಗ್ ಸೆಂಟರುಗಳ ಬೋರ್ಡುಗಳ ಕೆಳಗೆ, ಮೆಟ್ಟಿಲ ಸಂದಿಯಲ್ಲಿ ಆ ಕೆಫೆ. ಒಳಗೆ ನಾಲ್ಕು ಕಂಪ್ಯೂಟರ್. ಮಾಲೀಕನನ್ನು ಕೇಳಿದೆ, "ಭಯ್ಯಾ, ಅವತ್ತು ಮಕ್ಕಳು ರಿಸಲ್ಟ್ ಹೇಗೆ ನೋಡಿದರು?"

"ಅವರನ್ನು ಕೂರಿಸಿದರೆ ಒಬ್ಬೊಬ್ಬರು ಅರ್ಧ ಗಂಟೆ ಏಳಲ್ಲ ಮ್ಯಾಡಂಜಿ," ಎಂದ ಆತ. "ನಂಬರನ್ನು ಚೀಟಿಯಲ್ಲಿ ಬರೆಸಿಕೊಂಡೆ. ನಾನೇ ಕೂತು ಒಂದಾದ ಮೇಲೊಂದು ಹೊಡೆದು ಪ್ರಿಂಟ್ ಕೊಟ್ಟೆ. ಇನ್ನೂರು ಚೀಟಿ ಇರಬೇಕು," ಎಂದು ಒಂದು ಕಂಪ್ಯೂಟರಿನ ಮುಂದೆ ಕೂತು ತೋರಿಸಿದ. ನಂಬರ್, ಒಂದು ಕ್ಲಿಕ್, ಪ್ರಿಂಟ್. ಮತ್ತೆ ನಂಬರ್. ಬ್ರೌಸರ್ ಮುಚ್ಚುವ ಮಾತೇ ಇಲ್ಲ.

ಅವನ ಬೆರಳು ನೋಡುತ್ತಾ ನಿಂತವಳಿಗೆ ನನ್ನ ಪುಟಕ್ಕೆ ಬರೆದ ಪ್ರೋಗ್ರಾಮಿನ ಸಾಲುಗಳು ಕಣ್ಣ ಮುಂದೆ ಬಂದವು. ಆಯ್ಕೆಯಾಗದವರಿಗೆ ಫಲಿತಾಂಶದ ಜಾಗದಲ್ಲಿ "ಆಯ್ಕೆಯಾಗಿಲ್ಲ" ಎಂದು ಬರೆಯುವ ಸಾಲು ಇತ್ತು. ಆ ಜಾಗ ಖಾಲಿ ಇದ್ದರೆ "ಆಯ್ಕೆಯಾಗಿದೆ" ಎಂದು ತೋರಿಸುವ ಸಾಲೂ ಇತ್ತು. ಮುಂದಿನವರಿಗೆ ಹೋಗುವ ಮುನ್ನ ಆ ಜಾಗವನ್ನು ಖಾಲಿ ಮಾಡುವ ಸಾಲು ಇರಲಿಲ್ಲ. ಹಳೆಯ ರೀತಿಯಲ್ಲಿ ಪ್ರತಿ ಪ್ರಶ್ನೆಗೂ ಸಂಪರ್ಕ ಹೊಸದು, ಜಾಗ ತಾನಾಗಿಯೇ ಖಾಲಿಯಾಗುತ್ತಿತ್ತು. ಈಗ ಸಂಪರ್ಕ ತೆರೆದೇ ಇತ್ತು. ಮುಂಚಿನವರು ಸೋತಿದ್ದರೆ ಅವರ ಸೋಲು ಅಲ್ಲೇ ಉಳಿದು, ಹಿಂದೆ ಬಂದ ಗೆದ್ದವರ ಹೆಸರಿನ ಕೆಳಗೆ ಅಚ್ಚಾಗಿತ್ತು.

ಆ ಪುಟ ನನ್ನದು. ಇಮ್ತಿಯಾಜ್ ಬಾಯಿ ಬಿಟ್ಟು ಎಚ್ಚರಿಸಿದ್ದೂ ಇದನ್ನೇ. ಆದರೆ ಅಲ್ಲಿ ನಿಂತು ನಾನು ಅದನ್ನು ಹೇಳಲಿಲ್ಲ. "ಕಚೇರಿಗೆ ಹೋಗಿ ನೋಡೋಣ," ಎಂದೆ.

ಮರುದಿನ ಆ ಸಾಲು ಸೇರಿಸಿದೆ. ಇಮ್ತಿಯಾಜ್ ಅದನ್ನು ನೋಡಿದರು, ನನ್ನ ಮುಖ ನೋಡಿದರು. ಸರ್ವರಿನ ಲಾಗ್ ಫೈಲಿನಲ್ಲಿ ಯಾವ ಸಂಪರ್ಕದ ಮೇಲೆ ಯಾವ ನಂಬರ್ ಯಾವಾಗ ಬಂತೆಂದು ದಾಖಲಾಗಿತ್ತು. ಗೆದ್ದವರಲ್ಲಿ ಯಾರ ನಂಬರ್ ಅದೇ ಸಂಪರ್ಕದ ಮೇಲೆ ಸೋತವರ ನಂತರ ಬಂದಿತ್ತೆಂದು ಒಂದೊಂದಾಗಿ ಆರಿಸಿದೆವು. ಮೂವತ್ತೇಳು ಹೆಸರು ಸಿಕ್ಕವು. ಆ ಪಟ್ಟಿ ಹಿಡಿದು ಮಾಥುರ್ ಸಾಹೇಬರ ಕೋಣೆಗೆ ಹೋದೆ.

ಅವರು ಸಾವಧಾನವಾಗಿ ಕೇಳಿದರು. "ಬೋರ್ಡಿನ ಪಟ್ಟಿಯೇ ಅಧಿಕೃತ. ಕರೆಪತ್ರ ಅಂಚೆಯಲ್ಲಿ ಹೋಗುತ್ತಿದೆ. ಎಲ್ಲರಿಗೂ ಗೊತ್ತಾಗುತ್ತದೆ," ಎಂದರು.

"ಸರ್, ಇವರಲ್ಲಿ ತುಂಬಾ ಜನ ಮುಖರ್ಜಿ ನಗರದ ವಿಳಾಸ ಕೊಟ್ಟಿದ್ದಾರೆ. ಸೋತೆವು ಅಂದುಕೊಂಡು ಊರಿಗೆ ಹೋದವರ ಪತ್ರ ಬಾಗಿಲ ಸಂದಿಯಲ್ಲಿ ಬಿದ್ದಿರುತ್ತದೆ."

ಅವರು ಪೆನ್ನಿನಿಂದ ಮೇಜು ತಟ್ಟಿದರು. "ಅಚ್ಛಾ. ಅರ್ಜಿಯಲ್ಲಿ ಊರಿನ ವಿಳಾಸವೂ ಇರುತ್ತದಲ್ಲ, ಅದಕ್ಕೆ ಟೆಲಿಗ್ರಾಂ ಕೊಡಿ. ಪರೀಕ್ಷೆಗೆ ಹಾಜರಾಗಿ ಎಂದಷ್ಟೇ ಇರಲಿ, ಕಾರಣ ಬೇಡ. ಫೈಲಿಗೆ ಒಂದು ಟಿಪ್ಪಣಿ ಹಾಕಿ. ಹೊಸ ಪ್ರೋಟೋಕಾಲ್ ಅಳವಡಿಸುವಾಗ ಕಂಪನಿಯ ಕಡೆಯಿಂದ ತಾಂತ್ರಿಕ ದೋಷ, ಸರಿಪಡಿಸಲಾಗಿದೆ, ಯಾವ ಅಭ್ಯರ್ಥಿಗೂ ನಷ್ಟವಾಗಿಲ್ಲ."

ಅವರಿಗೆ ನಿಜ ಗೊತ್ತಿರಲಿಲ್ಲ, ನಾನು ಹೇಳಿರಲಿಲ್ಲ. ಹೇಳಲು ಬಾಯಿ ತೆರೆದೆ. ಬಾಯಿಂದ ಬಂದದ್ದು "ಸರಿ ಸರ್" ಎಂಬುದೊಂದೇ. ಪ್ರೋಟೋಕಾಲ್ ಎಂದರೆ ಕಚೇರಿಯಲ್ಲಿ ಯಾರಿಗೂ ಅರ್ಥವಾಗದ ಪದ, ತಪ್ಪನ್ನು ಅದರ ಮೇಲೆ ಹೊರಿಸಿದರೆ ಅದು ತಿರುಗಿ ಮಾತಾಡುವುದಿಲ್ಲ. ಟಿಪ್ಪಣಿ ಬರೆದು ಸಹಿ ಹಾಕಿದೆ. ಆಮೇಲೆ ಅರ್ಜಿಗಳ ಕಟ್ಟು ಬಿಚ್ಚಿ ಊರಿನ ವಿಳಾಸ ಹುಡುಕಿ ಮೂವತ್ತೇಳು ಟೆಲಿಗ್ರಾಂ ಕಳಿಸಿದೆ. ತಂತಿ ಕಚೇರಿಯ ಕಿಟಕಿಯಲ್ಲಿ ನಿಂತಾಗ, ಇಷ್ಟು ಮಾಡಿದರೆ ಸಾಕೆಂದು ನನಗೆ ನಾನೇ ಹೇಳಿಕೊಂಡೆ.

ಆ ಟಿಪ್ಪಣಿಯಿಂದ ಮೊದಲು ಪೆಟ್ಟು ಬಿದ್ದದ್ದು ಇಮ್ತಿಯಾಜ್‌ಗೆ. ಎರಡೇ ದಿನದಲ್ಲಿ ಅವರ ಕಂಪನಿ ಅವರನ್ನು ನಮ್ಮ ಕೆಲಸದಿಂದ ತೆಗೆಯಿತು. ತಮ್ಮ ಸಾಮಾನು ಒಯ್ಯಲು ಬಂದವರು ನನ್ನ ಮೇಜಿನ ಬಳಿ ನಿಂತರು.

"ಹೋಗಿಬರ್ತೀನಿ ಮೇಡಂ."

"ಇಮ್ತಿಯಾಜ್, ನಾನು ಟಿಪ್ಪಣಿಯಲ್ಲಿ..." ಎಂದು ಶುರು ಮಾಡಿದೆ.

"ನನಗೆ ಗೊತ್ತು," ಎಂದರು. ದನಿಯಲ್ಲಿ ಕೋಪವಿರಲಿಲ್ಲ, ಅದೇ ತಡೆಯಲಾಗಲಿಲ್ಲ. ಒಂದು ಮಾತು ಬೈದಿದ್ದರೆ ಹಗುರವಾಗುತ್ತಿತ್ತು.

ಅಲ್ಲಿಂದ ಟೈಪಿಂಗ್ ಪರೀಕ್ಷೆಯ ದಿನದವರೆಗೆ ಊಟ ಸೇರಲಿಲ್ಲ. ಬಸ್ ಸ್ಟಾಪಿನಲ್ಲಿ ಕೈಯಲ್ಲಿ ಕಾಗದ ಹಿಡಿದ ಯಾವ ಹುಡುಗಿಯನ್ನು ಕಂಡರೂ ನನ್ನನ್ನೇ ಹುಡುಕಿಕೊಂಡು ಬಂದಳೇನೋ ಅನ್ನಿಸುತ್ತಿತ್ತು.

ಪರೀಕ್ಷೆಯ ದಿನ ಹಾಜರಿ ಪುಸ್ತಕ ಹಿಡಿದು ಬಾಗಿಲಲ್ಲೇ ನಿಂತೆ. ಮೂವತ್ತೇಳರಲ್ಲಿ ಮೂವತ್ತೊಂದು ಜನ ಬಂದರು. ಬಾರದ ಆರು ಹೆಸರು ಇವತ್ತಿಗೂ ನನಗೆ ಬಾಯಿಪಾಠ. ಮಂಜು ಬಂದಿದ್ದಳು. ಪರೀಕ್ಷೆ ಮುಗಿದ ಮೇಲೆ ಸುನೀತಾ ಅವಳನ್ನು ನನ್ನ ಹತ್ತಿರ ಕರೆತಂದಳು. ಸಣಕಲು ಹುಡುಗಿ, ನೀಲಿ ದುಪಟ್ಟಾ, ಕಣ್ಣಲ್ಲಿ ಪ್ರಯಾಣದ ಆಯಾಸ.

"ನಿಮ್ಮ ಟೆಲಿಗ್ರಾಂ ಮೊನ್ನೆ ಸಿಕ್ಕಿತು ಮ್ಯಾಡಂ. ನೀವೇ ಹುಡುಕಿ ಕಳಿಸಿದ್ದು ಅಂತ ಸುನೀತಾ ಹೇಳಿದಳು. ತುಂಬಾ ಉಪಕಾರವಾಯಿತು," ಎಂದಳು.

"ಪರೀಕ್ಷೆ ಹೇಗಾಯಿತು?"

ಅವಳು ತನ್ನ ಬೆರಳುಗಳನ್ನು ನೋಡಿಕೊಂಡಳು. "ಕೋಣೆಯಲ್ಲಿ ಬಾಡಿಗೆಗೆ ಒಂದು ಟೈಪ್‌ರೈಟರ್ ಇತ್ತು. ಊರಿಗೆ ಹೋಗುವ ದಿನ ಅಂಗಡಿಗೆ ವಾಪಸ್ ಕೊಟ್ಟುಬಿಟ್ಟೆವು. ಒಂದು ವಾರ ಮುಟ್ಟಲಿಲ್ಲ. ಬೆರಳು ಓಡಲಿಲ್ಲ."

ನಾನು ಹಾಜರಿ ಪುಸ್ತಕ ಮುಚ್ಚಿಕೊಂಡು ಒಳಗೆ ನಡೆದೆ.

ಮೂರು ದಿನದ ಮೇಲೆ ಅಂಕಪಟ್ಟಿ ಬಂತು. ನಿಮಿಷಕ್ಕೆ ಮೂವತ್ತು ಪದ ಬೇಕಿತ್ತು. ಸುನೀತಾ ಮೂವತ್ತಮೂರು. ಮಂಜು ಇಪ್ಪತ್ತೆಂಟು. ಆ ಪಟ್ಟಿಯಲ್ಲಿದ್ದ ಇನ್ನೂ ಕೆಲವರು ಹೀಗೇ ಒಂದೆರಡು ಪದದಿಂದ ಸೋತಿದ್ದರು. ಮೊದಲೇ ನಿಜ ಗೊತ್ತಿದ್ದರೂ ಸೋಲುತ್ತಿದ್ದರೋ ಏನೋ, ಯಾರು ಹೇಳಬಲ್ಲರು? ನಾನಂತೂ ಹೇಳಲಾರೆ. ಆ ಹಾಳೆ ಹಿಡಿದು ಮತ್ತೆ ನಿರ್ದೇಶಕರ ಕೋಣೆಗೆ ಹೋದೆ.

"ಈ ಮೂವತ್ತೇಳು ಜನಕ್ಕೆ ಇನ್ನೊಂದು ಅವಕಾಶ ಕೊಡಬೇಕು ಸರ್. ಬಾರದವರೂ ಸೇರಿ."

"ಯಾವ ಆಧಾರದ ಮೇಲೆ?" ಮಾಥುರ್ ಸಾಹೇಬರು ಫೈಲ್ ತರಿಸಿ ನನ್ನ ಮುಂದೆ ತೆರೆದಿಟ್ಟರು. "ಯಾವ ಅಭ್ಯರ್ಥಿಗೂ ನಷ್ಟವಾಗಿಲ್ಲ ಅಂತಿದೆ. ಕೆಳಗೆ ಸಹಿ ನಿಮ್ಮದು. ನಷ್ಟವೇ ಆಗಿಲ್ಲ ಅಂದಮೇಲೆ ಮರುಪರೀಕ್ಷೆ ಯಾಕೆ ಎಂದು ಮೇಲಿನವರು ಕೇಳಿದರೆ ಏನು ಹೇಳಲಿ?"

ನನ್ನ ಸಹಿಯನ್ನೇ ನೋಡುತ್ತಾ ಕೂತೆ. ಮಂಜುವಿಗೂ ಅವಳ ಕೆಲಸಕ್ಕೂ ನಡುವೆ ಅಡ್ಡ ನಿಂತದ್ದು ಈಗ ಆ ಸಹಿಯೇ.

ಮನೆಗೆ ಹೋಗಿ ನನ್ನವರ ಮುಂದೆ ಎಲ್ಲ ಹೇಳಿಕೊಂಡೆ. ಅವರೂ ಕೇಂದ್ರ ಸರ್ಕಾರದ ಕಚೇರಿಯಲ್ಲೇ ಇದ್ದವರು, ಇಂಥ ಕಾಗದ ಎಲ್ಲಿಗೆ ಹೋಗುತ್ತದೆಂದು ಬಲ್ಲವರು.

"ಬರೆದುಕೊಟ್ಟರೆ ನಿನ್ನ ಸರ್ವಿಸ್ ಬುಕ್ಕಿಗೆ ಹತ್ತುತ್ತೆ," ಎಂದರು.

"ಬರೆಯದಿದ್ದರೆ?"

ಅವರು ಹೇಳಿದರು, "ಹತ್ತು ದಿನದಿಂದ ನೀನು ಮನೇಲಿ ಹೇಗಿದ್ದೀಯ ಅಂತ ನೋಡ್ತಾ ಇದ್ದೀನಿ. ಇನ್ನು ಹತ್ತು ವರ್ಷ ಹೀಗೇ ಇರ್ತೀಯಾ?"

ಮರುದಿನ ಕಚೇರಿಯಲ್ಲಿ ನಾಲ್ಕು ಪುಟ ಬರೆದೆ. ದೋಷ ಪ್ರೋಟೋಕಾಲಿನದಲ್ಲ, ಕಂಪನಿಯದೂ ಅಲ್ಲ, ಪುಟ ಬರೆದವಳು ನಾನು. ಇಮ್ತಿಯಾಜ್ ಮೊದಲೇ ಎಚ್ಚರಿಸಿದ್ದರು. ನಾನು ಮಾಡಿದ ಪರೀಕ್ಷೆ ಸಾಲದಾಗಿತ್ತು. ಮೊದಲ ಟಿಪ್ಪಣಿಗೆ ಸಹಿ ಹಾಕುವಾಗ ಇದೆಲ್ಲ ನನಗೆ ತಿಳಿದಿತ್ತು. ಆ ಕೊನೆಯ ವಾಕ್ಯ ಬರೆಯುವಾಗ ಪೆನ್ನು ಎರಡು ಸಲ ನಿಂತಿತು.

ಮಾಥುರ್ ಸಾಹೇಬರು ನಾಲ್ಕೂ ಪುಟವನ್ನು ಎರಡು ಸಲ ಓದಿದರು. ಮೇಜು ತಟ್ಟಲಿಲ್ಲ. "ಇದು ಒಮ್ಮೆ ಫೈಲಿಗೆ ಹೋದರೆ ಹಿಂದಕ್ಕೆ ಬರುವುದಿಲ್ಲ," ಎಂದರು.

"ಗೊತ್ತು ಸರ್."

ಅವರು ಪೆನ್ನು ತೆರೆದು ನನ್ನ ಸಹಿಯ ಕೆಳಗೆ ಒಂದು ಸಾಲು ಬರೆದರು: ಮೊದಲ ಟಿಪ್ಪಣಿಯ ಒಕ್ಕಣೆಯನ್ನು ಸೂಚಿಸಿದವನು ನಾನು. ತಮ್ಮ ಸಹಿ ಹಾಕಿ, ಫೈಲ್ ಮುಚ್ಚಿ, "ಚಲೋ," ಎಂದರು. ನಿಷ್ಠುರ ಎಂದುಕೊಂಡಿದ್ದ ಮೇಲಧಿಕಾರಿಯನ್ನು ನಾನು ಪೂರ್ತಿ ನೋಡಿರಲಿಲ್ಲ ಎಂದು ಆಗ ತಿಳಿಯಿತು.

ಮುಂದಿನ ಆರು ವಾರ ಫೈಲ್ ಮೇಲೆ ಹೋಗಿ ಸುಮ್ಮನೆ ಕೂತಿತು. ನನಗೊಂದು ಮೆಮೊ ಬಂತು, ಉತ್ತರ ಕೊಟ್ಟೆ, ಲಿಖಿತ ಎಚ್ಚರಿಕೆ ಸಿಕ್ಕಿತು. ಅದರ ಪ್ರತಿಯನ್ನು ಇಮ್ತಿಯಾಜ್ ಅವರ ಕಂಪನಿಗೆ ನಾನೇ ಒಯ್ದು ಕೊಟ್ಟೆ. ಒಂದು ತಿಂಗಳಾದ ಮೇಲೆ ಅವರು ನಮ್ಮ ಕೆಲಸಕ್ಕೆ ಮರಳಿದರು. ಮೊದಲ ಕೆಲವು ದಿನ ನನ್ನೊಂದಿಗೆ ಹಿಂದಿಯಲ್ಲೇ ಮಾತಾಡಿದರು. ಆಮೇಲೊಂದು ದಿನ "ಊಟ ಆಯ್ತಾ ಮೇಡಂ?" ಎಂದು ಕೇಳಿದರು. ಇಬ್ಬರೂ ಕೂತು, ಒಂದೇ ಸಂಪರ್ಕದ ಮೇಲೆ ಇಪ್ಪತ್ತು ನಂಬರ್ ಒಟ್ಟಿಗೆ ಕಳಿಸಿ ಪರೀಕ್ಷಿಸುವ ಸಣ್ಣ ಪ್ರೋಗ್ರಾಂ ಬರೆದೆವು. ಅದಾದ ಮೇಲೆ ಹೊಸ ಆವೃತ್ತಿಯನ್ನು ಮತ್ತೆ ಚಾಲೂ ಮಾಡಿದೆವು. ಅದರಿಂದ ಒಂದು ದಿನವೂ ತೊಂದರೆಯಾಗಲಿಲ್ಲ.

ಕೊನೆಗೂ ಮರುಪರೀಕ್ಷೆಗೆ ಒಪ್ಪಿಗೆ ಬಂತು. ಈ ಸಲದ ಪತ್ರದಲ್ಲಿ ಕಾರಣವನ್ನೂ ಬರೆದಿದ್ದೆವು. ಮಂಜು ಈ ಸಲ ಸುನೀತಾಳಿಲ್ಲದೆ ಬಂದಿದ್ದಳು. ಪರೀಕ್ಷೆಯ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತು ಒಳಗಿನ ಟೈಪ್‌ರೈಟರುಗಳ ಸದ್ದು ಕೇಳುತ್ತಿದ್ದೆ. ಅದರಲ್ಲಿ ಅವಳದು ಯಾವುದೆಂದು ತಿಳಿಯಲು ಸಾಧ್ಯವಿರಲಿಲ್ಲ, ಆದರೂ ಕಿವಿ ಹುಡುಕುತ್ತಿತ್ತು. ಅವತ್ತೇ ಸಂಜೆ ನಾಲ್ಕಕ್ಕೆ ಫಲಿತಾಂಶ. ಅವಳಿಗೆ ಮೂವತ್ತನಾಲ್ಕು ಬಂದಿತ್ತು.

ಅವಳನ್ನು ಗೇಟಿನವರೆಗೆ ಕಳಿಸಲು ಹೋದೆ. "ಪತ್ರದಲ್ಲಿ ಬರೆದ ಆ ತಪ್ಪು ಮಾಡಿದ್ದು ನಾನು ಮಂಜು. ಕಂಪ್ಯೂಟರ್ ಅಲ್ಲ. ಕ್ಷಮಿಸಿ," ಎಂದೆ.

ಅವಳು ನಿಂತಳು.

"ಊರಲ್ಲಿ ಆ ಆರು ದಿನ ಅಪ್ಪ ನನ್ನ ಜೊತೆ ಒಂದು ಮಾತೂ ಆಡಲಿಲ್ಲ," ಎಂದಳು. "ಟೆಲಿಗ್ರಾಂ ಬಂದ ಮೇಲೆ ಆಡಿದರು. ಈಗ ನಾನೇ ಅವರ ಜೊತೆ ಮೊದಲಿನ ಹಾಗೆ ಮಾತಾಡಲಾರೆ, ಮ್ಯಾಡಂ. ನಾನು ಸೋತರೆ ಅವರು ಎಂಥವರಾಗುತ್ತಾರೆಂದು ನನಗೆ ಗೊತ್ತಾಗಿಹೋಯಿತು."

ಅವಳು ಒಮ್ಮೆ ತಲೆಯಾಡಿಸಿ, ರಸ್ತೆ ದಾಟಿ, ಬಂದ ಬಸ್ಸು ಹತ್ತಿದಳು. ಬಸ್ಸು ಮುಖ್ಯರಸ್ತೆಗೆ ತಿರುಗುವವರೆಗೆ ನಾನು ಗೇಟಿನಲ್ಲೇ ನಿಂತಿದ್ದೆ.